ಪೈಲಟ್‌ ಸಮವಸ್ತ್ರ: ಯಾವ ನಿಯಮ ಹಾರಾಟಕ್ಕೆ, ಯಾವುದು ಫೋಟೊಗೆ?

ಪ್ರತಿ ವಿಮಾನ ಸಂಸ್ಥೆಯ ಕೈಪಿಡಿಯಲ್ಲೂ ಸಮವಸ್ತ್ರಕ್ಕೆಂದೇ ಒಂದು ಅಧ್ಯಾಯ ಇರುತ್ತದೆ. ಅಂಗಿ, ಟೈ, ಕೂದಲು, ಗಡ್ಡ, ಬೂಟು, ಉಂಗುರ, ಎಲ್ಲಕ್ಕೂ ಅಲ್ಲೊಂದು ಸಾಲು. ಈ ಅಧ್ಯಾಯದ ಬಗ್ಗೆ ಪೈಲಟ್‌ಗಳು ಗೊಣಗುವುದು ಹೊಸದೇನಲ್ಲ. ಆದರೆ ಗೊಣಗಾಟಕ್ಕೆ ಸ್ವಲ್ಪ ಕಿವಿಗೊಟ್ಟರೆ ಗೊತ್ತಾಗುತ್ತದೆ, ಅವರ ತಕರಾರು ಎಲ್ಲ ನಿಯಮದ ಮೇಲೂ ಇಲ್ಲ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಬೂಟು ಬೇಡ ಅನ್ನುವವರು ಅಪರೂಪ. ಜಗಳ ಹುಟ್ಟುವುದು ಕಾರಣ ಹೇಳದ ನಿಯಮದಿಂದ, ಇಲ್ಲವೇ ಬರೀ ಅಂದಕ್ಕೆ ಮಾಡಿದ ನಿಯಮವನ್ನು ಸುರಕ್ಷತೆಯ ಹೆಸರಲ್ಲಿ ಹೇರುವುದರಿಂದ.

ಈ ಉಡುಪು ಹುಟ್ಟಿದ್ದೇ ನಂಬಿಕೆ ಮಾರುವುದಕ್ಕೆ. 1920ರ ದಶಕದ ಪೈಲಟ್ ಚರ್ಮದ ಕೋಟು, ಗಾಗಲ್ಸ್ ಹಾಕಿಕೊಂಡು ತೆರೆದ ಕಾಕ್‌ಪಿಟ್‌ನಲ್ಲಿ ಕೂರುತ್ತಿದ್ದ. ನೋಡಿದವರಿಗೆ ಸಾಹಸಿ ಅನಿಸುತ್ತಿತ್ತೇ ಹೊರತು, ಮನೆಮಂದಿಯನ್ನು ಇವನ ಕೈಗೆ ಒಪ್ಪಿಸಬಹುದು ಅನಿಸುತ್ತಿರಲಿಲ್ಲ. 1930ರ ದಶಕದ ಆರಂಭದಲ್ಲಿ ನೀರಿನ ಮೇಲಿಳಿಯುವ ದೊಡ್ಡ ವಿಮಾನಗಳನ್ನು ಓಡಿಸುತ್ತಿದ್ದ ಪ್ಯಾನ್ ಅಮೆರಿಕನ್ ಕಂಪನಿ ಹಡಗಿನ ಅಧಿಕಾರಿಗಳ ಗತ್ತನ್ನು ಎತ್ತಿಕೊಂಡು ಬಂತು: ಗಾಢ ಬಣ್ಣದ ಕೋಟು, ಬಿಳಿ ಟೋಪಿ, ತೋಳಿನ ಮೇಲೆ ಚಿನ್ನದ ಬಣ್ಣದ ಪಟ್ಟಿ. ಕ್ಯಾಪ್ಟನ್, ಫಸ್ಟ್ ಆಫೀಸರ್ (ಸಹ ಪೈಲಟ್) ಎಂಬ ಹುದ್ದೆಗಳೂ ಹಡಗಿನಿಂದಲೇ ಬಂದವು. ಕಾಕ್‌ಪಿಟ್‌ನಲ್ಲಿ ಕೋಟು ಕಳಚಿ ಕೊಕ್ಕೆಗೆ ಹಾಕುತ್ತಾರೆ, ಆಗ ತೋಳಿನ ಪಟ್ಟಿಯೂ ಕೋಟಿನ ಜೊತೆ ಹೋಗುತ್ತದೆ. ಹಾಗಾಗಿ ಅಂಗಿಯ ಭುಜದ ಮೇಲೆ ಎಪಾಲೆಟ್, ಅಂದರೆ ಪಟ್ಟಿಯಿರುವ ಭುಜದ ತುಂಡು, ಬಂತು. ಕ್ಯಾಪ್ಟನ್‌ಗೆ ನಾಲ್ಕು ಪಟ್ಟಿ, ಫಸ್ಟ್ ಆಫೀಸರ್‌ಗೆ ಸಂಸ್ಥೆಯನ್ನು ನೋಡಿಕೊಂಡು ಮೂರು ಅಥವಾ ಎರಡು. ಇದು ಕಾನೂನಲ್ಲ, ರೂಢಿ.

ಗಡ್ಡದ ವಿಷಯಕ್ಕೆ ಬರೋಣ. ಅತಿ ಹೆಚ್ಚು ವಾದ ನಡೆದದ್ದು ಇದರ ಮೇಲೆ. ವಾದ ಅರ್ಥವಾಗಬೇಕಾದರೆ ಮೊದಲು ಕಾಕ್‌ಪಿಟ್‌ನ ಆಮ್ಲಜನಕ ಮಾಸ್ಕ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು.

35,000 ಅಡಿ ಎತ್ತರದಲ್ಲಿ ಕ್ಯಾಬಿನ್ ಒತ್ತಡ ಇದ್ದಕ್ಕಿದ್ದಂತೆ ಹೋದರೆ, ಯೋಚಿಸಿ ಕೆಲಸ ಮಾಡುವಷ್ಟು ಪ್ರಜ್ಞೆ ಉಳಿಯುವುದು ಹೆಚ್ಚೆಂದರೆ 30ರಿಂದ 60 ಸೆಕೆಂಡು. ಅದಕ್ಕೇ ಪೈಲಟ್‌ನ ಮಾಸ್ಕನ್ನು ಒಂದೇ ಕೈಯಲ್ಲಿ 5 ಸೆಕೆಂಡಿನೊಳಗೆ ಹಾಕಿಕೊಳ್ಳುವಂತೆ ಮಾಡಿದ್ದಾರೆ. ಪೆಟ್ಟಿಗೆಯಿಂದ ಎಳೆಯುವಾಗ ಕೆಂಪು ಹಿಡಿಗಳನ್ನು ಒತ್ತಿದರೆ ಹಿಂಬದಿಯ ರಬ್ಬರ್ ಕೊಳವೆಗಳು ಗಾಳಿ ತುಂಬಿ ಅಗಲವಾಗುತ್ತವೆ. ತಲೆಯ ಮೇಲಿಂದ ಹಾಕಿಕೊಂಡು ಹಿಡಿ ಬಿಟ್ಟರೆ ಗಾಳಿ ಇಳಿದು ಮಾಸ್ಕ್ ಮುಖಕ್ಕೆ ಬಿಗಿಯುತ್ತದೆ. ಅದರ ಅಂಚು ಕೂರುವುದು ಮೂಗಿನ ಸೇತುವೆ, ಕೆನ್ನೆ ಮತ್ತು ಗದ್ದದ ಮೇಲೆ. ಮೀಸೆ ಮಾಸ್ಕಿನ ಒಳಗೇ ಉಳಿಯುತ್ತದೆ, ಆದ್ದರಿಂದ ಮೀಸೆಗೆ ಯಾರ ಅಡ್ಡಿಯೂ ಇಲ್ಲ. ತುದಿ ತಿರುವಿ ಕೆನ್ನೆಗೆ ಹಬ್ಬಿಸಿದ ಹುರಿಮೀಸೆಯ ಕಥೆ ಬೇರೆ, ಅದು ಅಂಚಿನ ಅಡಿಗೆ ಸಿಗುತ್ತದೆ. ಗಡ್ಡವಂತೂ ನೇರವಾಗಿ ಅಂಚಿನ ಕೆಳಗೇ ಬರುತ್ತದೆ.

ಅಂಚು ಸರಿಯಾಗಿ ಕೂರದಿದ್ದರೆ ಏನಾಗುತ್ತದೆ ಎಂಬುದು ಮಾಸ್ಕ್ ಯಾವ ಸ್ಥಿತಿಯಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ಸಾಮಾನ್ಯ (ಆಮ್ಲಜನಕಕ್ಕೆ ಕ್ಯಾಬಿನ್ ಗಾಳಿ ಬೆರೆಯುವ) ಮತ್ತು 100 ಪ್ರತಿಶತ (ಬರೀ ಆಮ್ಲಜನಕದ) ಸ್ಥಿತಿಗಳಲ್ಲಿ ಉಸಿರು ಎಳೆದಾಗ ಮಾತ್ರ ಅನಿಲ ಬರುತ್ತದೆ. ಆಗ ಸಂದಿ ಇದ್ದರೆ ಹೊರಗಿನ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತೀರಿ, ಆಮ್ಲಜನಕ ತೆಳುವಾಗುತ್ತದೆ. ಕಾಕ್‌ಪಿಟ್‌ನಲ್ಲಿ ಹೊಗೆ ತುಂಬಿದಾಗ ಬಳಸುವ ತುರ್ತು ಸ್ಥಿತಿಯಲ್ಲಿ ಅನಿಲ ಒತ್ತಡದಿಂದ ನುಗ್ಗಿ ಬರುತ್ತದೆ, ಸಂದಿಯಿದ್ದರೂ ಸೋರಿಕೆ ಹೊರಮುಖವಾಗಿಯೇ ಇರುತ್ತದೆ. ಹೊಗೆ ಒಳಗೆ ಬರುವ ಭಯ ಕಡಿಮೆ, ಸಿಲಿಂಡರ್ ಮಾತ್ರ ಬೇಗ ಬರಿದಾಗುತ್ತದೆ.

ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 1987ರಲ್ಲಿ ಇದಕ್ಕೆಂದೇ ಒಂದು ಸಲಹಾ ಸುತ್ತೋಲೆ ಹೊರಡಿಸಿತು. ಗಡ್ಡ ಇದ್ದರೆ ಮಾಸ್ಕಿನ ಬಿಗಿ ತಗ್ಗುತ್ತದೆ, ಎಷ್ಟು ತಗ್ಗುತ್ತದೆ ಎಂಬುದು ಕೂದಲಿನ ಪ್ರಮಾಣ ಮತ್ತು ಮಾಸ್ಕಿನ ಬಗೆಯ ಮೇಲೆ ಅವಲಂಬಿಸಿದೆ ಎಂದು ಅದು ಹೇಳಿತು. ಆದರೆ ಹಲವು ಸಂಸ್ಥೆಗಳು ಓದಿದ್ದು ವಾಕ್ಯದ ಮೊದಲರ್ಧವನ್ನಷ್ಟೇ. ಎಲ್ಲ ಗಡ್ಡವೂ ನಿಷಿದ್ಧವಾಯಿತು. ಸಿಖ್ ಪೈಲಟ್‌ಗಳು ದಶಕಗಳಿಂದ ಗಡ್ಡ ಇಟ್ಟುಕೊಂಡೇ ಹಾರಿಸುತ್ತಿದ್ದ ನಮ್ಮ ದೇಶದಲ್ಲಿ ಈ ವಾದ ಮೊದಲಿಂದಲೂ ಅರೆಬರೆಯೇ. ಕೊನೆಗೆ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಬೇರೆಬೇರೆ ಉದ್ದದ ಗಡ್ಡದವರಿಗೆ ಈಗಿನ ಮಾಸ್ಕ್ ತೊಡಿಸಿ, ಎತ್ತರದ ತೆಳು ಗಾಳಿಯನ್ನು ಅನುಕರಿಸುವ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ರಕ್ತದ ಆಮ್ಲಜನಕಕ್ಕೆ ತೊಂದರೆಯಾಗಲಿಲ್ಲ. 2018ರಲ್ಲಿ ಏರ್ ಕೆನಡಾ ತನ್ನ ಪೈಲಟ್‌ಗಳಿಗೆ 12.5 ಮಿಲಿಮೀಟರ್‌ವರೆಗೆ ಗಡ್ಡ ಬಿಡಲು ಅನುಮತಿ ಕೊಟ್ಟಿತು. ನಿಯಮ ಹೀಗಿರಬೇಕು ಎಂಬುದು ನನ್ನ ಅಭಿಪ್ರಾಯ: ಅಳೆಯಬಹುದಾದ ಒಂದು ಮಿತಿ, ಅದರ ಹಿಂದೆ ಒಂದು ಪರೀಕ್ಷೆ.

ಮಾಸ್ಕಿನ ಕಾರಣಕ್ಕೇ ಇನ್ನೂ ಕೆಲವು ನಿಯಮ ಇವೆ, ಅವುಗಳ ಬಗ್ಗೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಒತ್ತಡದಲ್ಲಿರುವ ಶುದ್ಧ ಆಮ್ಲಜನಕದ ಹತ್ತಿರ ಎಣ್ಣೆ, ವ್ಯಾಸಲೀನ್, ಜಿಡ್ಡಿನ ಲಿಪ್ ಬಾಮ್ ಬೆಂಕಿಗೆ ಆಹ್ವಾನ. ಡ್ಯೂಟಿಗೆ ಹೊರಡುವಾಗ ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಳ್ಳಬೇಡಿ ಎನ್ನುವುದಕ್ಕೆ ಇದು ಸಾಕಷ್ಟು ಒಳ್ಳೆಯ ಕಾರಣ. ಕೂದಲನ್ನು ಹಿಂದೆ ತುರುಬು ಕಟ್ಟುವವರು ಅದು ಹೆಡ್‌ಸೆಟ್ ಪಟ್ಟಿಗೂ ಮಾಸ್ಕಿನ ಹಿಂಬದಿಯ ಕೊಳವೆಗೂ ಸಿಗದಂತೆ ಕತ್ತಿನ ಬುಡದಲ್ಲಿ ಕಟ್ಟುವುದು ಕ್ಷೇಮ. ನೆತ್ತಿಯ ತುರುಬು ಚೆಂದ ಕಾಣಬಹುದು, ಮಾಸ್ಕ್ ಮಾತ್ರ ಜಾರುತ್ತದೆ. ಕನ್ನಡಕದ ಕಡ್ಡಿ ತೆಳ್ಳಗಿರಲಿ. ದಪ್ಪ ಕಡ್ಡಿಯಿಂದ ಹೆಡ್‌ಸೆಟ್‌ನ ಮೆತ್ತೆ ಎದ್ದು ಎಂಜಿನ್ ಸದ್ದು ಒಳಗೆ ಬರುತ್ತದೆ. ತಂಪು ಕನ್ನಡಕ ಪೋಲರೈಸ್ಡ್ (ಪ್ರತಿಫಲಿಸಿದ ಬೆಳಕನ್ನು ತಡೆಯುವ ಬಗೆಯದು) ಆಗಿರಕೂಡದು. ಎಲ್‌ಸಿಡಿ ಪರದೆಗಳು ಕೆಲವು ಕೋನದಲ್ಲಿ ಕಪ್ಪಾಗುತ್ತವೆ, ದೂರದ ವಿಮಾನದ ಮೈ ಮೇಲಿನ ಬಿಸಿಲಿನ ಮಿಂಚೂ ಕಾಣದೆ ಹೋಗಬಹುದು. ಬೂದು ಬಣ್ಣದ ಸಾಧಾರಣ ಗಾಜು ಸಾಕು.

ಇನ್ನು ಪರಿಮಳ. ಭಾರತದಲ್ಲಿ ಹಾರಾಟಕ್ಕೆ ಮುಂಚೆ ಮದ್ಯ ಪತ್ತೆಗೆ ಮಾಡುವ ಉಸಿರು ಪರೀಕ್ಷೆಯಲ್ಲಿ ಅಂಕಿ ಸೊನ್ನೆಯೇ ಬರಬೇಕು. 2023ರಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಪ್ರಕಟಿಸಿದ ಕರಡು ನಿಯಮದಲ್ಲಿ, ಸಿಬ್ಬಂದಿ ಬಳಸಬಾರದ ವಸ್ತುಗಳ ಸಾಲಿನಲ್ಲಿ, ಮೌತ್‌ವಾಶ್ ಜೊತೆಗೆ ಪರ್ಫ್ಯೂಮ್ ಹೆಸರೂ ಇತ್ತು, ಆಗ ಸಾಕಷ್ಟು ನಗೆಚಾಟಿಕೆ ನಡೆಯಿತು. ಸೆಂಟು ಹಾಕಿದವರೆಲ್ಲ ಸಿಕ್ಕಿಬೀಳುತ್ತಾರೆ ಎಂದೇನಲ್ಲ. ಆದರೆ ಕೈಗೆ ಹಚ್ಚುವ ಸ್ಯಾನಿಟೈಸರ್, ಆಫ್ಟರ್‌ಶೇವ್‌ಗಳನ್ನು ಪರೀಕ್ಷೆಗೆ ಕನಿಷ್ಠ 20 ನಿಮಿಷ ಮುಂಚೆಯೇ ಮುಗಿಸಿಕೊಂಡಿರುವುದು ಒಳ್ಳೆಯದು.

ಬಟ್ಟೆಯ ವಿಷಯದಲ್ಲಿ ತಕರಾರು ಸಂಸ್ಥೆಯ ಮೇಲೆಯೇ ತಿರುಗುತ್ತದೆ. ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಹತ್ತಿ ಉರಿಯುತ್ತದೆ, ಆದರೆ ಕರಗುವುದಿಲ್ಲ. ಹತ್ತಿ, ಉಣ್ಣೆಯ ಬಟ್ಟೆ ತೊಡಿ ಎಂದು ಪ್ರಯಾಣಿಕರಿಗೆ ಸಲಹೆ ಕೊಡುವ ಉದ್ಯಮವೇ ತನ್ನ ಸಿಬ್ಬಂದಿಗೆ 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿಯ ಅಂಗಿ ಕೊಡುವುದು ಸಾಮಾನ್ಯ. ಮುದುರುವುದಿಲ್ಲ, ಬೇಗ ಒಣಗುತ್ತದೆ, ಅಗ್ಗ. ಸಂಸ್ಥೆ ಕೊಟ್ಟ ಅಂಗಿ ಬದಲಿಸಲಾಗದಿದ್ದರೆ ಒಳಗೆ ಶುದ್ಧ ಹತ್ತಿಯ ಬನಿಯನ್, ಕಾಲಿಗೆ ನೈಲಾನ್ ಬದಲು ಹತ್ತಿ ಕಾಲುಚೀಲ ಹಾಕಿಕೊಂಡರೆ ಚರ್ಮಕ್ಕೆ ತಗಲುವ ಪದರವಾದರೂ ಕರಗುವುದಿಲ್ಲ. ತುರ್ತು ಜಾರುಬಂಡೆಯಲ್ಲಿ ಇಳಿಯುವಾಗ ನೈಲಾನ್ ಬರೀ ಉಜ್ಜುವಿಕೆಯಿಂದಲೇ ಸುಡಬಹುದು. ಬೂಟು ಲೇಸ್ ಕಟ್ಟುವಂಥದ್ದಿರಲಿ. ಅಟ್ಟೆ ತೀರಾ ದಪ್ಪಗಿದ್ದರೆ ರಡರ್ ಪೆಡಲ್ (ವಿಮಾನದ ಮೂತಿ ಎಡಬಲ ತಿರುಗಿಸುವ ಕಾಲಿನ ಪೆಡಲ್) ಮೇಲಿನ ಬ್ರೇಕ್ ಎಷ್ಟು ಒತ್ತಿದೆ ಎಂಬ ಅಂದಾಜು ಪಾದಕ್ಕೆ ಸಿಗುವುದಿಲ್ಲ.

ಜೇಬಿನಲ್ಲಿ ಏನಿದೆ ಎನ್ನುವುದೂ ಸಮವಸ್ತ್ರದ ಭಾಗವೇ. 2014ರ ಫೆಬ್ರವರಿಯಲ್ಲಿ ಬ್ರಿಟನ್ ವಾಯುಪಡೆಯ ವಾಯೇಜರ್ ವಿಮಾನದಲ್ಲಿ ಕ್ಯಾಪ್ಟನ್‌ನ ಕ್ಯಾಮೆರಾ ಸೀಟಿನ ತೋಳಿಗೂ, ವಿಮಾನವನ್ನು ನಿಯಂತ್ರಿಸುವ ಪಕ್ಕದ ಹಿಡಿಯಾದ ಸೈಡ್‌ಸ್ಟಿಕ್‌ಗೂ ನಡುವೆ ಸಿಕ್ಕಿಕೊಂಡಿತು. ಸೀಟನ್ನು ಮುಂದೆ ಸರಿಸಿದಾಗ ಅದು ಸ್ಟಿಕ್ಕನ್ನು ಮುಂದಕ್ಕೆ ನೂಕಿ, ವಿಮಾನ 4,400 ಅಡಿ ಕುಸಿಯಿತು. ಅದು ಕ್ಯಾಮೆರಾ, ನಿಜ. ಆದರೆ ಕ್ಲಿಪ್ ಇಲ್ಲದ ಪೆನ್ನು, ಮಡಿಲಿನ ಫೋನು, ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯ ದಾರ ಇವೆಲ್ಲ ಅದೇ ಜಾತಿಯವು. ದಾರ ಎಳೆದರೆ ತಾನೇ ಬಿಚ್ಚಿಕೊಳ್ಳುವಂಥದ್ದಿರಲಿ, ಕುಳಿತ ಮೇಲೆ ಕಳಚಿಡಿ. ವಾಕ್‌ಅರೌಂಡ್‌ಗೆ (ಹಾರುವ ಮುನ್ನ ವಿಮಾನದ ಸುತ್ತ ನಡೆದು ಮಾಡುವ ತಪಾಸಣೆಗೆ) ಇಳಿಯುವಾಗ ಟೈಯನ್ನು ಅಂಗಿಯೊಳಗೆ ತುರುಕಿಕೊಳ್ಳಿ. ಚಕ್ರದ ಗೂಡಿನಲ್ಲಿ ತೊಟ್ಟಿಕ್ಕುವ ಹೈಡ್ರಾಲಿಕ್ ದ್ರವ ಟೈ ಹಾಳು ಮಾಡುವುದಷ್ಟೇ ಅಲ್ಲ, ಚರ್ಮವನ್ನೂ ಉರಿಸುತ್ತದೆ.

ಟೋಪಿಯ ಪರವಾಗಿ ಹೇಳಲು ನನಗೆ ಹೆಚ್ಚೇನೂ ತೋಚುವುದಿಲ್ಲ. ಹೆಡ್‌ಸೆಟ್ ಇರುವ ಕಡೆ ಅದಕ್ಕೆ ಜಾಗವಿಲ್ಲ, ವಿಮಾನ ನಿಲ್ಲಿಸುವ ಅಂಗಳವಾದ ಏಪ್ರನ್ ಮೇಲೆ ಗಾಳಿಗೆ ಹಾರಿದರೆ ಎಂಜಿನ್ ನುಂಗಬಹುದಾದ ಕಸ. ಟರ್ಮಿನಲ್‌ನಲ್ಲಿ ನಡೆಯುವ ಹತ್ತು ನಿಮಿಷಕ್ಕಷ್ಟೇ ಅದು ಬೇಕು. ಮೇ ತಿಂಗಳಲ್ಲಿ ಕಲಬುರಗಿಯ ಏಪ್ರನ್‌ನಲ್ಲಿ 42 ಡಿಗ್ರಿ ಬಿಸಿಲಿಗೆ ನಿಂತವರಿಗೆ ಕೋಟು ಹಾಕಿಲ್ಲವೆಂದು ಪತ್ರ ಬರೆಯುವ ಕಚೇರಿ, ಆ ಪತ್ರ ಬರೆಯುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

ಹಾಗಂತ ಪೈಲಟ್‌ಗಳಿಗೆ ಉಡುಪಿನ ಬೆಲೆ ಗೊತ್ತಿಲ್ಲ ಎಂದಲ್ಲ. 2022ರಲ್ಲಿ ಅಮೆರಿಕದಲ್ಲಿ ಡೆಲ್ಟಾ, ಸೌತ್‌ವೆಸ್ಟ್ ಪೈಲಟ್‌ಗಳು ಕರಾರಿಗಾಗಿ ಪ್ರತಿಭಟಿಸಿದ್ದು ಸಮವಸ್ತ್ರದಲ್ಲೇ. ಆ ಕ್ಷಣಕ್ಕೆ ಜನ ಯಾರ ಮಾತು ಕೇಳುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ವಿಮಾನ ಖಾಲಿ ಮಾಡಿಸುವಾಗಲೂ ಅಷ್ಟೆ, ಗದ್ದಲದಲ್ಲಿ ಭುಜದ ಪಟ್ಟಿ ಕಂಡರೆ ಜನ ಮಾತು ಕೇಳುತ್ತಾರೆ. ಇದೇ ಗೌರವವನ್ನು ಬೇರೆಯವರೂ ಬಳಸಿಕೊಳ್ಳುತ್ತಾರೆ. 2019ರಲ್ಲಿ ದೆಹಲಿಯಲ್ಲಿ ಲುಫ್ತಾನ್ಸಾ ಪೈಲಟ್ ವೇಷದಲ್ಲಿ ಓಡಾಡುತ್ತಿದ್ದ ವ್ಯಕ್ತಿಯನ್ನು ಬಂಧಿಸಿದರು. ಅದಕ್ಕೇ ಗೇಟಿನಲ್ಲಿ ನೋಡಬೇಕಾದ್ದು ಪ್ರವೇಶ ಪಾಸನ್ನು, ಪಟ್ಟಿಯನ್ನಲ್ಲ. ಕಾಕ್‌ಪಿಟ್ ಒಳಗೂ ಪಟ್ಟಿಗೆ ಒಂದು ಮಿತಿ ಇದೆ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ವಿಮಾನ ಡಿಕ್ಕಿಯಾಗಿ 583 ಜನ ಸತ್ತ ಮೇಲೆ ಉದ್ಯಮ ಕಲಿತ ಪಾಠಗಳಲ್ಲಿ ಒಂದು, ಹಿರಿಯ ಕ್ಯಾಪ್ಟನ್ ಮುಂದೆ ಕಿರಿಯರು ಸಂದೇಹವನ್ನು ಗಟ್ಟಿಯಾಗಿ ಹೇಳಬೇಕು ಎನ್ನುವುದು. ನಾಲ್ಕು ಪಟ್ಟಿ ಕೊನೆಯ ನಿರ್ಧಾರ ಯಾರದ್ದು ಎಂದು ಹೇಳುತ್ತದೆ, ಯಾರು ಸರಿ ಎಂದಲ್ಲ.

ಮಹಿಳಾ ಪೈಲಟ್‌ಗಳ ಪ್ರಮಾಣದಲ್ಲಿ ಭಾರತ ಜಗತ್ತಿನ ಸರಾಸರಿಗಿಂತ ಬಹಳ ಮುಂದಿದೆ, ದರ್ಜಿಯ ಅಳತೆ ಮಾತ್ರ ಇನ್ನೂ ಹಿಂದೆ. ಗಂಡಸರ ಅಂಗಿಯನ್ನೇ ಚಿಕ್ಕದು ಮಾಡಿ ಕೊಟ್ಟರೆ ಎದೆಯ ಹತ್ತಿರ ಗುಂಡಿಗಳ ನಡುವೆ ಸಂದಿ ಬೀಳುತ್ತದೆ, ಎಪಾಲೆಟ್ ಭುಜದಿಂದ ಹೊರಗೆ ಚಾಚಿ ಸೀಟ್‌ಬೆಲ್ಟಿನ ಭುಜಪಟ್ಟಿಗೆ ತಗಲುತ್ತದೆ. ಎದೆ ಮತ್ತು ಭುಜದ ಅಗಲ ಎರಡನ್ನೂ ಬೇರೆಯಾಗಿ ಅಳೆದು ಹೊಲಿಸುವುದು, ಎಪಾಲೆಟ್ಟನ್ನೇ ಗಿಡ್ಡ ಅಳತೆಯಲ್ಲಿ ತರಿಸುವುದು ಕಷ್ಟದ ಕೆಲಸವೇನಲ್ಲ.

ಕೊನೆಯದಾಗಿ, ಬಿಳಿ ಅಂಗಿಯ ಕಾಲರ್. ಕಾಕ್‌ಪಿಟ್ ಗಾಜು ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಯುವಿಬಿ ಬಗೆಯದನ್ನು ತಡೆದರೂ ಎಷ್ಟೋ ವಿಮಾನಗಳಲ್ಲಿ ಯುವಿಎ ಒಳಬರುತ್ತದೆ, ಆದ್ದರಿಂದ ಸನ್‌ಸ್ಕ್ರೀನ್ ಹಚ್ಚುವುದು ಸರಿ. ಆದರೆ ಅದರಲ್ಲಿ ಯುವಿಎ ತಡೆಯುವ ಅವೊಬೆಂಜೋನ್ ಎಂಬ ರಾಸಾಯನಿಕ ಇದ್ದರೆ ನೀರಿನ ಕಬ್ಬಿಣದ ಜೊತೆ ಸೇರಿ ತುಕ್ಕಿನ ಬಣ್ಣದ ಕಲೆ ಮಾಡುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಒಗೆಯುವವರು ಇದನ್ನು ಬೆವರಿನ ಕಲೆ ಎಂದುಕೊಂಡು ಕ್ಲೋರಿನ್ ಬ್ಲೀಚ್ ಸುರಿಯುತ್ತಾರೆ, ಕಲೆ ಇನ್ನಷ್ಟು ಗಾಢವಾಗುತ್ತದೆ. ಒಗೆಯುವ ಮುನ್ನ ಕಾಲರ್‌ಗೆ ಪಾತ್ರೆ ತೊಳೆಯುವ ದ್ರವ ಹಚ್ಚಿ ಜಿಡ್ಡು ತೆಗೆಯಿರಿ. ಕಲೆ ಕೂತಿದ್ದರೆ ನಿಂಬೆ ಉಪ್ಪನ್ನು ನೀರಲ್ಲಿ ಕರಗಿಸಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ. ಎಪಾಲೆಟ್ ಮಾತ್ರ ಮೊದಲೇ ಕಳಚಿಡಿ, ಅದರ ಜರಿ ಹುಳಿಗೂ ಇಸ್ತ್ರಿಗೂ ತಾಳುವುದಿಲ್ಲ.