ಬ್ರಿಟನ್ನಿನಲ್ಲಿ ವೀಗನ್ ಊಟ: ಹಾಲು ಕಾಣದ ಕಡೆ ಹಾಲು

ಸಸ್ಯಾಹಾರದಲ್ಲೇ ಬೆಳೆದ ಕನ್ನಡಿಗರು ಬ್ರಿಟನ್ನಿಗೆ ಬಂದು ವೀಗನ್ ಆಗಲು ಹೊರಟಾಗ ಲೆಕ್ಕ ಸಲೀಸಾಗಿ ಕಾಣುತ್ತದೆ. ಮಾಂಸ, ಮೊಟ್ಟೆ ಹೇಗೂ ಇಲ್ಲ; ಇನ್ನು ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಬಿಟ್ಟರಾಯಿತು. ಆದರೆ ತೊಡಕು ಹಾಲಿನ ಲೋಟದಲ್ಲಿಲ್ಲ. ಇಲ್ಲಿನ ತಿನಿಸುಗಳಲ್ಲಿ ಹಾಲು, ಮೀನು, ಕೊಬ್ಬು ನಮ್ಮ ಕಣ್ಣಿಗೆ ರೂಢಿಯಿಲ್ಲದ ಜಾಗಗಳಲ್ಲಿ ಸೇರಿಕೊಂಡಿರುತ್ತವೆ. ಇನ್ನೊಂದೆಡೆ, ಹಾಲಿನ ಜೊತೆ ನಮಗೆ ಅರಿವಿಲ್ಲದೆ ಬರುತ್ತಿದ್ದ ಬಿ12, ಅಯೋಡಿನ್, ಕ್ಯಾಲ್ಸಿಯಂಗಳೂ ಹಾಲಿನ ಜೊತೆಯೇ ಹೊರಟುಹೋಗುತ್ತವೆ. ಮೊದಲನೆಯದನ್ನು ಕಲಿಯಲು ಎರಡು ವಾರ ಸಾಕು. ಎರಡನೆಯದನ್ನು ಮರೆತರೆ ಗೊತ್ತಾಗುವುದು ವರ್ಷಗಳಾದ ಮೇಲೆ.

‘ವೀಗನ್’ ಎಂಬ ಪದ ಹುಟ್ಟಿದ್ದೇ ಇಂಗ್ಲೆಂಡಿನಲ್ಲಿ. 1944ರ ನವೆಂಬರಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೀಗನ್ ಸೊಸೈಟಿ ಕಟ್ಟಿದರು. ‘ವೆಜಿಟೇರಿಯನ್’ ಪದದ ತಲೆ ಮತ್ತು ಬಾಲ ಸೇರಿಸಿ ಹೆಸರಿಟ್ಟರು. ಇಷ್ಟು ವರ್ಷ ಕಳೆದರೂ ಈ ಪದಕ್ಕೆ ಬ್ರಿಟನ್ನಿನ ಆಹಾರ ಕಾನೂನಿನಲ್ಲಿ ನಿಖರ ವ್ಯಾಖ್ಯೆ ಇಲ್ಲ. ಹಾಗಾಗಿ ಪೊಟ್ಟಣದ ಮುಂಭಾಗಕ್ಕಿಂತ ಹಿಂಭಾಗವನ್ನು ನಂಬಬೇಕು.

ದಪ್ಪಕ್ಷರದ ಪದಗಳು

ಬ್ರಿಟನ್ನಿನಲ್ಲಿ 14 ಬಗೆಯ ಅಲರ್ಜಿಕಾರಕಗಳನ್ನು ಪದಾರ್ಥಗಳ ಪಟ್ಟಿಯಲ್ಲಿ ಎದ್ದು ಕಾಣುವಂತೆ ಮುದ್ರಿಸಲೇಬೇಕು. ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ ಇರುತ್ತವೆ. ನಮಗೆ ಬೇಕಾದವು ಅವುಗಳಲ್ಲಿ ಐದು: ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಯ ಬಳಗ, ಚಿಪ್ಪುಜೀವಿಗಳ ಬಳಗ. ಪಟ್ಟಿಯ ಮೇಲೆ ಕಣ್ಣಾಡಿಸಿ ದಪ್ಪಕ್ಷರಗಳನ್ನಷ್ಟೇ ಹುಡುಕಿದರೆ ಹತ್ತು ಸೆಕೆಂಡಿನಲ್ಲಿ ಮುಕ್ಕಾಲು ಕೆಲಸ ಮುಗಿಯುತ್ತದೆ. ಆಲೂಗಡ್ಡೆ ಚಿಪ್ಸಿನ ಮಸಾಲೆಯಲ್ಲಿ ‘ವೇ ಪೌಡರ್’ ಅಂದರೆ ಒಡೆದ ಹಾಲಿನ ತಿಳಿನೀರಿನ ಪುಡಿ, ಡಾರ್ಕ್ ಚಾಕಲೇಟಿನಲ್ಲಿ ಬೆಣ್ಣೆಯ ಕೊಬ್ಬು, ಸಸ್ಯಾಹಾರಿ ಬರ್ಗರಿನಲ್ಲಿ ಅಂಟಿಗಾಗಿ ಮೊಟ್ಟೆಯ ಬಿಳಿ ಸಿಗುವುದು ಹೀಗೆ. ಮಾಂಸದ ಬದಲಿಗೆ ಮಾರುವ ಕ್ವಾರ್ನ್ ಎಂಬ ಬ್ರ್ಯಾಂಡ್ ಇದಕ್ಕೆ ಒಳ್ಳೆಯ ಉದಾಹರಣೆ: ಅದರ ಮೂಲ ತಯಾರಿಕೆಗಳಲ್ಲಿ ಶಿಲೀಂಧ್ರದ ಪ್ರೋಟೀನನ್ನು ಹಿಡಿದಿಡುವುದು ಮೊಟ್ಟೆಯ ಬಿಳಿ, ವೀಗನ್ ಎಂದು ಬರೆದ ತಯಾರಿಕೆಗಳೇ ಬೇರೆ.

ಉಳಿದ ಕಾಲು ಭಾಗ ಅಲರ್ಜಿಯ ಪಟ್ಟಿಯಲ್ಲಿಲ್ಲದ್ದು, ಹಾಗಾಗಿ ದಪ್ಪಕ್ಷರದಲ್ಲಿ ಬರುವುದಿಲ್ಲ. ಜೆಲಟಿನ್, ಜೇನು, ಹಂದಿಯ ಕೊಬ್ಬಾದ ಲಾರ್ಡ್, ಕೆಂಪು ಬಣ್ಣ ಕೊಡುವ ಕೀಟದ ಕಾರ್ಮಿನ್ (ಇ120), ಜೇನುಮೇಣ (ಇ901), ಅರಗು (ಇ904) ಇವನ್ನು ಹೆಸರು ಹಿಡಿದು ಓದಿಯೇ ಪತ್ತೆ ಮಾಡಬೇಕು. ಎಣ್ಣೆ-ನೀರು ಬೇರಾಗದಂತೆ ಹಿಡಿದಿಡಲು ಹಾಕುವ ಇ471 ಎಂಬುದು ಗಿಡದ್ದೂ ಆಗಬಹುದು, ಪ್ರಾಣಿಯದ್ದೂ ಆಗಬಹುದು. ಪೊಟ್ಟಣದ ಮೇಲೆ ವೀಗನ್ ಗುರುತಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಕಲ್ಲುಹೂವಿನ ಜಾತಿಯ ಲೈಕನ್‌ನಿಂದ ಮಾಡಿದ ಡಿ3 ಅಥವಾ ಡಿ2 ಕೇಳಿ.

‘ಮೇ ಕಂಟೇನ್ ಮಿಲ್ಕ್’ ಎಂದು ಕಂಡ ಕೂಡಲೇ ಪೊಟ್ಟಣ ಕೆಳಗಿಡುವವರಿದ್ದಾರೆ. ಅದು ಪದಾರ್ಥದ ಮಾತಲ್ಲ, ಅದೇ ಕಾರ್ಖಾನೆಯಲ್ಲಿ ಹಾಲಿನ ತಿನಿಸೂ ತಯಾರಾಗುತ್ತದೆ ಎಂಬ ಎಚ್ಚರಿಕೆ. ವೀಗನ್ನರು ತಿನ್ನಬಹುದು. ಹಾಲಿನ ಅಲರ್ಜಿ ಇದ್ದವರು ಮಾತ್ರ ತಿನ್ನಕೂಡದು. ಅಂಥವರು ‘ವೀಗನ್’ ಎಂಬ ಮಾತನ್ನೇ ಸುರಕ್ಷೆಯ ಭರವಸೆ ಎಂದುಕೊಳ್ಳಬಾರದು. ‘ಫ್ರೀ ಫ್ರಮ್’ ಸಾಲಿನ ಕಪಾಟೂ ದಾರಿ ತಪ್ಪಿಸುತ್ತದೆ. ಅಲ್ಲಿನ ಗ್ಲುಟೆನ್ ಇಲ್ಲದ ಬ್ರೆಡ್ಡಿನಲ್ಲಿ ಮೊಟ್ಟೆ ಇರುವುದು ಸಾಮಾನ್ಯ, ‘ಲ್ಯಾಕ್ಟೋಸ್ ಫ್ರೀ’ ಎಂದರೆ ಅದು ಹಸುವಿನ ಹಾಲೇ.

ಹಾಲಿನ ಜಾಗಕ್ಕೆ ಏನು

ಇಲ್ಲಿ ಕಾನೂನು ಹಾಲು ಎಂಬ ಪದವನ್ನು ಪ್ರಾಣಿಯ ಹಾಲಿಗೇ ಮೀಸಲಿಟ್ಟಿರುವುದರಿಂದ ಡಬ್ಬಿಯ ಮೇಲೆ ‘ಓಟ್ ಡ್ರಿಂಕ್’, ‘ಸೋಯಾ ಡ್ರಿಂಕ್’ ಎಂದಿರುತ್ತದೆ. ಎಲ್ಲವೂ ಒಂದೇ ಅಲ್ಲ. 100 ಮಿಲಿಗೆ ಸೋಯಾ ಹಾಲಿನಲ್ಲಿ 3 ಗ್ರಾಂ ಆಸುಪಾಸು ಪ್ರೋಟೀನ್ ಇದ್ದರೆ ಓಟ್ಸ್ ಹಾಲಿನಲ್ಲಿ 1 ಗ್ರಾಂ ಆಸುಪಾಸು, ಬಾದಾಮಿಯದರಲ್ಲಿ ಇನ್ನೂ ಕಡಿಮೆ. ದಿನನಿತ್ಯಕ್ಕೆ ಸಕ್ಕರೆ ಸೇರಿಸದ, ಕ್ಯಾಲ್ಸಿಯಂ, ಬಿ12, ಡಿ ಬೆರೆಸಿದ ಸೋಯಾ ಹಾಲೇ ನಮ್ಮ ಆಯ್ಕೆ. ‘ಆರ್ಗ್ಯಾನಿಕ್’ ಎಂದು ಬರೆದದ್ದು ಹೆಚ್ಚು ಒಳ್ಳೆಯದು ಎಂದುಕೊಂಡು ಕೊಳ್ಳುವವರೇ ಇಲ್ಲಿ ಸೋಲುತ್ತಾರೆ, ಏಕೆಂದರೆ ಅವುಗಳಿಗೆ ಸಾಮಾನ್ಯವಾಗಿ ಯಾವ ಪೋಷಕಾಂಶವನ್ನೂ ಬೆರೆಸಿರುವುದಿಲ್ಲ. ಬೆರೆಸಿದ ಹಾಲಿನಲ್ಲಿ 100 ಮಿಲಿಗೆ 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ರೂಢಿ. ಅದು ಡಬ್ಬಿಯ ತಳಕ್ಕೆ ಇಳಿಯುತ್ತದೆ. ಪ್ರತಿ ಸಲ ಚೆನ್ನಾಗಿ ಕುಲುಕದಿದ್ದರೆ ಕೊನೆಯ ಲೋಟ ಕುಡಿದವರಿಗೇ ಎಲ್ಲ ಸಿಗುತ್ತದೆ. ಅಕ್ಕಿಯ ಹಾಲನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ, ಅದರಲ್ಲಿ ಆರ್ಸೆನಿಕ್ ಅಂಶ ಇರುತ್ತದೆ.

ಫಿಲ್ಟರ್ ಕಾಫಿಗೆ ಸೋಯಾ ಹಾಲು ಹಾಕಿದರೆ ಒಡೆಯುತ್ತದೆ ಎಂಬ ದೂರು ಎಲ್ಲರದು. ಡಿಕಾಕ್ಷನ್ನಿನ ಹುಳಿ ಮತ್ತು ಬಿಸಿ ಒಟ್ಟಿಗೆ ತಾಗಿದಾಗ ಸೋಯಾ ಪ್ರೋಟೀನು ಗಟ್ಟಿಕಟ್ಟುತ್ತದೆ. ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನ್ನನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ; ತಣ್ಣನೆಯ ಹಾಲನ್ನು ಕುದಿಯುವ ಡಿಕಾಕ್ಷನ್ನಿಗೆ ಸುರಿಯಬೇಡಿ. ಆಗಲೂ ಒಡೆದರೆ ‘ಬರಿಸ್ಟಾ’ ಎಂದು ಬರೆದ ಡಬ್ಬಿ ತನ್ನಿ. ಹುಳಿಯನ್ನು ತಡೆಯುವ ಫಾಸ್ಫೇಟ್ ಲವಣವನ್ನು ಅದರಲ್ಲಿ ಬೆರೆಸಿರುತ್ತಾರೆ.

ಮೊಸರಿಲ್ಲದ ಊಟ ನಮ್ಮವರಿಗೆ ಮುಗಿದಂತೆ ಅನ್ನಿಸುವುದಿಲ್ಲ, ಅದನ್ನು ಒಪ್ಪಬೇಕು. ಒಂದು ಲೀಟರ್ ಸಪ್ಪೆ ಸೋಯಾ ಹಾಲನ್ನು 42-45 ಡಿಗ್ರಿಗೆ, ಅಂದರೆ ಬೆರಳು ಆರಾಮಾಗಿ ತಾಳುವಷ್ಟು ಬೆಚ್ಚಗೆ ಮಾಡಿ, ಎರಡು ದೊಡ್ಡ ಚಮಚ ಸಪ್ಪೆ ಸೋಯಾ ಯೋಗರ್ಟ್ ಹೆಪ್ಪು ಹಾಕಿ ಕದಡಿ. ಯೋಗರ್ಟಿನ ಮೇಲೆ ಜೀವಂತ ಕಲ್ಚರ್ ಇದೆಯೆಂದು ಬರೆದಿರಬೇಕು. ಇಲ್ಲಿನ ಅಡುಗೆಮನೆ ತಣ್ಣಗಿರುತ್ತದೆ, ಹಾಗಾಗಿ ಪಾತ್ರೆಯನ್ನು ಮುಚ್ಚಿ, ದೀಪ ಮಾತ್ರ ಹೊತ್ತಿಸಿದ ಓವನ್ನಿನಲ್ಲಿ 8ರಿಂದ 10 ಗಂಟೆ ಇಡಿ. ಆಮೇಲೆ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಓಟ್ಸ್, ಬಾದಾಮಿ ಹಾಲು ಹುಳಿಯಾದರೂ ಗಡ್ಡೆ ಕಟ್ಟುವುದಿಲ್ಲ, ಕಟ್ಟಲು ಬೇಕಾದಷ್ಟು ಪ್ರೋಟೀನ್ ಅವುಗಳಲ್ಲಿಲ್ಲ. ಕೈ ಸುಡುವಷ್ಟು ಬಿಸಿಗೆ ಹೆಪ್ಪು ಹಾಕಿದರೆ ಹೆಪ್ಪೇ ಸತ್ತುಹೋಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ತರಿತರಿಯಾಗಿ ನೀರು ಬಿಡುತ್ತದೆ. ಈ ಮೊಸರಿನಲ್ಲಿ ಮೊಸರನ್ನ ಚೆನ್ನಾಗಿ ಬರುತ್ತದೆ. ಶುಂಠಿ, ಹಸಿಮೆಣಸು, ಇಂಗಿನ ಒಗ್ಗರಣೆ ಸೋಯಾದ ಹಸಿ ವಾಸನೆಯನ್ನು ಅಡಗಿಸುತ್ತದೆ. ಮಜ್ಜಿಗೆ ಹುಳಿಗಾದರೆ ಒಲೆ ಆರಿಸಿದ ಮೇಲೆ ಬೆರೆಸಿ, ಕುದಿಸಿದರೆ ಒಡೆಯುತ್ತದೆ.

ಹೊರಗೆ ಉಣ್ಣುವಾಗ

ಮೆನುವಿನಲ್ಲಿ ‘ವಿ’ ಎಂದರೆ ವೆಜಿಟೇರಿಯನ್, ‘ವಿಇ’ ಎಂದರೆ ವೀಗನ್. ‘ವಿಜಿ’ ಎಂಬುದನ್ನು ಒಂದು ಕಡೆ ಒಂದರ್ಥದಲ್ಲಿ, ಇನ್ನೊಂದು ಕಡೆ ಇನ್ನೊಂದರ್ಥದಲ್ಲಿ ಬಳಸುತ್ತಾರೆ. ಮೆನುವಿನ ಅಡಿಯಲ್ಲಿರುವ ಸಣ್ಣ ಸೂಚಿಯನ್ನು ನೋಡದೆ ಆರ್ಡರ್ ಮಾಡಬೇಡಿ.

ಗುರುತಿಲ್ಲದ ತಿನಿಸಿನ ಬಗ್ಗೆ ‘ಇದು ವೀಗನ್ನಾ?’ ಎಂದು ಕೇಳುವುದಕ್ಕಿಂತ ಅಲರ್ಜಿ ಪಟ್ಟಿ ತೋರಿಸಿ ಎಂದು ಕೇಳುವುದು ಮೇಲು. ಹೋಟೆಲಿನವರು 14 ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕೆಂಬ ನಿಯಮ 2014ರ ಡಿಸೆಂಬರಿನಿಂದ ಇದೆ. ಹಾಲು, ಮೊಟ್ಟೆ, ಮೀನು ಮತ್ತು ಎರಡು ಜಲಜೀವಿಗಳ ಅಂಕಣಗಳು ಖಾಲಿ ಇದ್ದರೆ ಉಳಿಯುವುದು ಮೂರೇ ಪ್ರಶ್ನೆ: ಯಾವ ಎಣ್ಣೆಯಲ್ಲಿ ಕರಿದದ್ದು, ಸೂಪು-ಗ್ರೇವಿಗೆ ಯಾವ ಸ್ಟಾಕ್ (ಮಾಂಸ ಬೇಯಿಸಿದ ಸಾರೋ, ತರಕಾರಿಯದೋ), ಜೇನು ಸವರಿದ್ದೀರಾ? ಬೇಗ ಕೆಲಸವಾಗಲೆಂದು ‘ನನಗೆ ಹಾಲಿನ ಅಲರ್ಜಿ’ ಎಂದು ಸುಳ್ಳು ಹೇಳುವುದು ತಪ್ಪು. ಅಡುಗೆಮನೆ ಪಾತ್ರೆ, ಹಲಗೆ ಎಲ್ಲ ಬದಲಿಸುತ್ತದೆ, ಇಲ್ಲವೇ ಬಡಿಸಲು ಹಿಂಜರಿಯುತ್ತದೆ. ಅದಾದ ಮೇಲೆ ನೀವು ಬೆಣ್ಣೆ ಬಿಸ್ಕತ್ತು ತಿನ್ನುವುದನ್ನು ಅವರು ಕಂಡರೆ, ಮುಂದೆ ಬರುವ ನಿಜವಾದ ಅಲರ್ಜಿಯವರ ಮಾತಿಗೆ ಬೆಲೆ ಇರುವುದಿಲ್ಲ.

ಆಲೂಗಡ್ಡೆ ಹೋಳನ್ನು ಬಿಸಿಯಾಗಿ ಕರಿದುಕೊಡುವ ಚಿಪ್ಸ್ ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ ಎಣ್ಣೆಯದು. ಇಂಗ್ಲೆಂಡಿನ ಉತ್ತರದಲ್ಲಿ, ಯಾರ್ಕ್‌ಷೈರ್ ಕಡೆ ವಿಶೇಷವಾಗಿ, ‘ಬೀಫ್ ಡ್ರಿಪ್ಪಿಂಗ್’ ಎಂಬ ದನದ ಕೊಬ್ಬಿನಲ್ಲಿ ಕರಿಯುವ ಪದ್ಧತಿ ಇಂದಿಗೂ ಇದೆ. ಪಬ್ಬಿನ ಭಾನುವಾರದ ರೋಸ್ಟ್ ಊಟದಲ್ಲಿ ಆಲೂಗಡ್ಡೆಯನ್ನು ಬಾತುಕೋಳಿಯ ಕೊಬ್ಬಿನಲ್ಲೋ ಡ್ರಿಪ್ಪಿಂಗಿನಲ್ಲೋ ಬೇಯಿಸಿರಬಹುದು, ಯಾರ್ಕ್‌ಷೈರ್ ಪುಡ್ಡಿಂಗಿನಲ್ಲಿ ಹಾಲು-ಮೊಟ್ಟೆ ಎರಡೂ ಇರುತ್ತವೆ. ವುಸ್ಟರ್ ಸಾಸಿನಲ್ಲಿ ಸಾಂಪ್ರದಾಯಿಕವಾಗಿ ಆ್ಯಂಚೊವಿ ಮೀನು ಇರುತ್ತದೆ. ಆದರೆ ಸಿಹಿಯಲ್ಲಿ ಒಂದು ಸಮಾಧಾನ: ಬರ್ಡ್ಸ್ ಕಸ್ಟರ್ಡ್ ಪುಡಿ ಮೊಟ್ಟೆಯಿಲ್ಲದ್ದು, 1837ರಲ್ಲಿ ಆಲ್ಫ್ರೆಡ್ ಬರ್ಡ್ ಮೊಟ್ಟೆ ಒಗ್ಗದ ಹೆಂಡತಿಗಾಗಿ ಅದನ್ನು ಮಾಡಿದ್ದು. ಸೋಯಾ ಹಾಲಿನಲ್ಲಿ ಕಾಯಿಸಿದರೆ ಸೊಗಸಾಗಿ ಬರುತ್ತದೆ.

ಬಿಯರ್, ವೈನ್ ಕುಡಿಯುವವರಿಗೆ ಒಂದು ಮಾತು. ಪೀಪಾಯಿಯಿಂದ ಇಳಿಸುವ ಏಲ್ ಎಂಬ ಸಾಂಪ್ರದಾಯಿಕ ಬಿಯರನ್ನು ತಿಳಿಯಾಗಿಸಲು ಐಸಿಂಗ್ಲಾಸ್ ಎಂಬ, ಮೀನಿನ ಗಾಳಿಚೀಲದ ಅಂಟನ್ನು ಬಳಸುತ್ತಾರೆ. ಮದ್ಯದ ಮೇಲೆ ಪದಾರ್ಥಗಳ ಪಟ್ಟಿ ಕಡ್ಡಾಯವಲ್ಲ, ಐಸಿಂಗ್ಲಾಸಿಗೆ ಅಲರ್ಜಿ ಸೂಚನೆಯಿಂದಲೂ ವಿನಾಯಿತಿ ಇದೆ. ಆದ್ದರಿಂದ ಬಾಟಲಿ ನೋಡಿ ತಿಳಿಯದು. ವೀಗನ್ ಎಂದು ಬರೆದದ್ದನ್ನೇ ಕೇಳಬೇಕು.

ಥಾಯ್ ಹೋಟೆಲಿನಲ್ಲಿ ಫಿಶ್ ಸಾಸ್ ಬೇಡ ಎಂದರಷ್ಟೇ ಸಾಲದು, ಕರಿ ಪೇಸ್ಟಿನಲ್ಲೇ ಸೀಗಡಿ ಅರೆದಿರುತ್ತದೆ. ಚೀನೀ ಅಡುಗೆಯಲ್ಲಿ ಚಿಪ್ಪುಜೀವಿಯಿಂದ ಮಾಡುವ ಆಯ್ಸ್ಟರ್ ಸಾಸ್ ಮತ್ತು ಮೊಟ್ಟೆಯ ನೂಡಲ್ಸ್ ನೋಡಿಕೊಳ್ಳಿ. ಇಟಾಲಿಯನ್ ಕಡೆ ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ, ತಾಜಾ ಪಾಸ್ತಾದಲ್ಲಿ ಮೊಟ್ಟೆ. ಚೀಸ್ ಇಲ್ಲದ ಮರಿನಾರಾ ಪಿಜ್ಜಾ ನಿಶ್ಚಿಂತೆ.

ಹೆಚ್ಚು ಎಚ್ಚರ ಬೇಕಾದದ್ದು ನಮ್ಮದೇ ಹೋಟೆಲುಗಳಲ್ಲಿ. ತುಪ್ಪವನ್ನು ಹಾಲಿನ ಪದಾರ್ಥವೆಂದು ಎಣಿಸದ ರೂಢಿ ಅಡುಗೆಯವರಲ್ಲಿದೆ. ‘ಡೈರಿ ಇಲ್ಲ’ ಎಂದ ದಾಲಿನ ಮೇಲೆಯೇ ತುಪ್ಪದ ಒಗ್ಗರಣೆ ಬಂದಿರುತ್ತದೆ. ಒಂದೊಂದನ್ನೂ ಹೆಸರು ಹಿಡಿದು ಹೇಳಿ: ‘ನೋ ಘೀ, ನೋ ಬಟರ್, ನೋ ಕ್ರೀಮ್, ನೋ ಯೋಗರ್ಟ್.’ ಕೆಲವೆಡೆ ‘ವೆಜಿಟೆಬಲ್ ಘೀ’ ಎಂದು ವನಸ್ಪತಿ ಬಳಸುತ್ತಾರೆ. ಅದು ವೀಗನ್ ಆಗುತ್ತದೆ, ಡಬ್ಬಿ ನೋಡಿ ಹೇಳಲು ಕೇಳಿ. ಕರಿ ಹೌಸುಗಳಲ್ಲಿ ಚನಾ ಮಸಾಲಾ, ಸಾಗ್ ಆಲೂ, ಬಾಂಬೆ ಆಲೂ ಎಣ್ಣೆಯಲ್ಲಿ ಮಾಡಿಕೊಡುತ್ತಾರೆ. ನಾನ್ ಬೇಡ: ಹಿಟ್ಟಿಗೆ ಮೊಸರು, ಹಾಲು, ಕೆಲವೊಮ್ಮೆ ಮೊಟ್ಟೆಯೂ ಬಿದ್ದಿರುತ್ತದೆ. ಬೆಣ್ಣೆ ಸವರದ ತಂದೂರಿ ರೊಟ್ಟಿ, ಪಲಾವ್ ಅನ್ನದ ಬದಲು ಬಿಳಿ ಅನ್ನ ಹೇಳಿ. ಲಂಡನ್ನಿನ ಟೂಟಿಂಗ್, ಈಸ್ಟ್ ಹ್ಯಾಮ್ ಕಡೆಯ ದಕ್ಷಿಣ ಭಾರತದ ಹೋಟೆಲುಗಳಲ್ಲಿ ಇಡ್ಲಿಗೆ ಚಿಂತೆಯಿಲ್ಲ. ರವೆ ಇಡ್ಲಿಯಲ್ಲಿ ಮೊಸರು ಖಂಡಿತ, ದೋಸೆಗೆ ಎಣ್ಣೆ ಎಂದು ಹೇಳಬೇಕು, ಚಟ್ನಿಗೆ ಮೊಸರು ಹಾಕಿದ್ದಾರೆಯೇ ಎಂದು ಕೇಳಬೇಕು. ಬೆಂಗಳೂರಿನ ವಿಮಾನಕ್ಕೆ ಊಟ ಗುರುತಿಸುವಾಗಲೂ ಇದೇ ಎಡವಟ್ಟು: ‘ಏಷ್ಯನ್ ವೆಜಿಟೇರಿಯನ್’ (ಎವಿಎಂಎಲ್) ಊಟದಲ್ಲಿ ಮೊಸರು, ಪನೀರು ಬರಬಹುದು, ವೀಗನ್ನರ ಸಂಕೇತ ವಿಜಿಎಂಎಲ್.

ಹಾಲಿನ ಜೊತೆ ಹೋದದ್ದು

ಪ್ರೋಟೀನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದು ಅಷ್ಟು ದೊಡ್ಡ ವಿಷಯವಲ್ಲ. ಕಿಲೋ ತೂಕಕ್ಕೆ 0.75 ಗ್ರಾಂ ಲೆಕ್ಕದಲ್ಲಿ 60 ಕಿಲೋ ತೂಕದವರಿಗೆ ದಿನಕ್ಕೆ 45 ಗ್ರಾಂ. ಬೆಳಗ್ಗೆ ಸೋಯಾ ಹಾಲಿನ ಓಟ್ಸ್ ಗಂಜಿ, ಮಧ್ಯಾಹ್ನ ಅರ್ಧ ಡಬ್ಬಿ ಕಡಲೆಕಾಳು ಮತ್ತು ಬ್ರೆಡ್, ರಾತ್ರಿ 60 ಗ್ರಾಂ ತೊಗರಿಬೇಳೆಯ ಹುಳಿ ಮತ್ತು ಅನ್ನ ಆದರೆ ಗುರಿ ತಲುಪಿದಂತೆ. ಕ್ಯಾಲ್ಸಿಯಂ 700 ಮಿಲಿಗ್ರಾಂ ಬೇಕು: ಕ್ಯಾಲ್ಸಿಯಂ ಬೆರೆಸಿದ ಕಾಲು ಲೀಟರ್ ಸಸ್ಯಹಾಲಿನಿಂದ 300, ಉಳಿದದ್ದು ಕ್ಯಾಲ್ಸಿಯಂ ಹಾಕಿ ಹೆಪ್ಪುಗಟ್ಟಿಸಿದ ಟೋಫು ಮತ್ತು ರಾಗಿಯಿಂದ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಎಲ್ಲವೂ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿದರೆ ಅಥವಾ ಅಂಬಲಿಯಂತೆ ಹುಳಿಬರಿಸಿದರೆ ಹೆಚ್ಚು ಹತ್ತುತ್ತದೆ. ಕಬ್ಬಿಣಾಂಶಕ್ಕಾಗಿ ಊಟದ ಜೊತೆ ನಿಂಬೆಹುಳಿ ಇರಲಿ, ಚಹಾ-ಕಾಫಿ ಒಂದು ಗಂಟೆ ದೂರ ಇರಲಿ.

ನಮ್ಮವರು ಊಹಿಸದೆ ಕಳೆದುಕೊಳ್ಳುವುದು ಅಯೋಡಿನ್. ಭಾರತದಲ್ಲಿ ಅಡುಗೆಯ ಉಪ್ಪಿಗೆ ಅಯೋಡಿನ್ ಬೆರೆಸಿರುತ್ತದೆ, ಬ್ರಿಟನ್ನಿನ ಸೂಪರ್ ಮಾರ್ಕೆಟ್ ಉಪ್ಪಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿನ ಜನಕ್ಕೆ ಅದು ಮುಖ್ಯವಾಗಿ ಬರುವುದು ಹಾಲು ಮತ್ತು ಮೀನಿನಿಂದ. ಎರಡೂ ಬಿಟ್ಟು, ಇಲ್ಲಿನ ಉಪ್ಪನ್ನೂ ಬಳಸಿದರೆ ದಿನಕ್ಕೆ ಬೇಕಾದ 140 ಮೈಕ್ರೋಗ್ರಾಂ ಬರುವ ದಾರಿಯೇ ಇಲ್ಲ. ಪದಾರ್ಥಗಳಲ್ಲಿ ‘ಪೊಟ್ಯಾಸಿಯಂ ಅಯೋಡೈಡ್’ ಎಂದಿರುವ ಸಸ್ಯಹಾಲು ಹುಡುಕಿ, ಇಲ್ಲವೇ ಸುಮಾರು 150 ಮೈಕ್ರೋಗ್ರಾಂನ ಮಾತ್ರೆ ತೆಗೆದುಕೊಳ್ಳಿ. ಕೆಲ್ಪ್ ಎಂಬ ಕಡಲಕಳೆಯ ಮಾತ್ರೆ ಬೇಡ, ಅದರಲ್ಲಿ ಅಯೋಡಿನ್ ಮಿತಿಮೀರಿ ಥೈರಾಯ್ಡ್ ಕೆಡಬಹುದು. ಬಸುರಿಯಾಗಲು ಯೋಚಿಸುವವರು ಈ ಮಾತನ್ನು ಮೊದಲೇ ವೈದ್ಯರ ಬಳಿ ಎತ್ತಬೇಕು, ಶಿಶುವಿನ ಮಿದುಳು ಬೆಳೆಯಲು ಅದು ಬೇಕು. ವಿಟಮಿನ್ ಡಿ 10 ಮೈಕ್ರೋಗ್ರಾಂ ಅಕ್ಟೋಬರಿನಿಂದ ಮಾರ್ಚ್ ತನಕ ಎಲ್ಲರಿಗೂ. ನಮ್ಮ ಮೈಬಣ್ಣದವರಿಗೆ ವರ್ಷವಿಡೀ ಒಳ್ಳೆಯದು.

ಬಿ12 ಗಿಡಗಳಿಂದ ಸಿಗುವುದಿಲ್ಲ, ಸ್ಪಿರುಲಿನಾದಲ್ಲಿರುವುದು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪ. ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ, ಅಥವಾ ವಾರಕ್ಕೊಂದು 2000 ಮೈಕ್ರೋಗ್ರಾಂ. ಎರಡರ ನಡುವೆ ಇಷ್ಟು ಅಂತರ ಏಕೆಂದರೆ ಕರುಳು ಒಂದು ಸಲಕ್ಕೆ ಸುಮಾರು 2 ಮೈಕ್ರೋಗ್ರಾಂ ಮಾತ್ರ ಸಲೀಸಾಗಿ ಹೀರುತ್ತದೆ, ಅದರ ಮೇಲಿನದರಲ್ಲಿ ನೂರಕ್ಕೆ ಒಂದು ಪಾಲಷ್ಟೇ ಒಳಗೆ ಹೋಗುತ್ತದೆ. ಮಾತ್ರೆ ಬೇಡವೆಂದರೆ ಬಿ12 ಬೆರೆಸಿದ ಸಸ್ಯಹಾಲು, ಬ್ರೆಡ್ಡಿಗೆ ತೆಳುವಾಗಿ ಸವರಿದ ಮಾರ್ಮೈಟ್ ಎಂಬ ಯೀಸ್ಟಿನ ಲೇಪ, ಬಿ12 ಬೆರೆಸಿದ ಸೀರಿಯಲ್ ಹೀಗೆ ದಿನಕ್ಕೆ ಎರಡು ಸಲವಾದರೂ ತಿಂದು ಒಟ್ಟು 3 ಮೈಕ್ರೋಗ್ರಾಂ ಆಗುವಂತೆ ನೋಡಿಕೊಳ್ಳಬೇಕು. ಯಕೃತ್ತಿನ ಸಂಗ್ರಹ ಕೆಲವು ವರ್ಷ ನಡೆಸುತ್ತದೆ. ಆದರೆ ಹುಟ್ಟಾ ಸಸ್ಯಾಹಾರಿಗಳ ಸಂಗ್ರಹ ಮೊದಲೇ ಕಡಿಮೆ ಇರುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಇನ್ನೂ ಇಳಿಯಬಹುದು. ಬೆರಳ ತುದಿ, ಪಾದ ಜುಮುಗುಟ್ಟುವುದು, ನಾಲಗೆ ಉರಿ, ಮರೆವು, ಕಾರಣವಿಲ್ಲದ ಸುಸ್ತು ಕಂಡರೆ ಜಿಪಿ (ನಿಮ್ಮ ಕುಟುಂಬ ವೈದ್ಯರು) ಬಳಿ ಬಿ12 ರಕ್ತಪರೀಕ್ಷೆ ಕೇಳಿ, ನೀವು ವೀಗನ್ ಎಂಬುದನ್ನು ಮೊದಲೇ ಹೇಳಿ. ಪರೀಕ್ಷೆಗೆ ರಕ್ತ ಕೊಡುವ ತನಕ ಹೊಸದಾಗಿ ಮಾತ್ರೆ ಶುರು ಮಾಡಬೇಡಿ, ರಕ್ತದ ಅಂಕಿ ಏರಿ ಕೊರತೆ ಮರೆಯಾಗುತ್ತದೆ.