ಫ್ರೀ ಡೇಟಾಬೇಸಲ್ಲಿ ಮ್ಯಾಪ್ ಡೇಟಾ ಇಡೋದು ಹೇಗೆ: ಕಲಿಯೋರಿಗೆ ಟಿಪ್ಪಣಿ

ಮ್ಯಾಪ್ ಡೇಟಾ ಇಡೋ ಹಳೇ ಫೈಲ್ ರೀತಿ ಶೇಪ್‌ಫೈಲ್. ಅದನ್ನ ಬಿಟ್ಟು ಡೇಟಾಬೇಸಿಗೆ ಯಾಕೆ ಹೋಗ್ಬೇಕು ಅಂದ್ರೆ, ಶೇಪ್‌ಫೈಲಲ್ಲಿ ಕಾಲಂ ಹೆಸರು 10 ಅಕ್ಷರ ದಾಟಂಗಿಲ್ಲ, ಫೈಲ್ 2 ಜಿಬಿ ದಾಟಂಗಿಲ್ಲ, ಒಂದೇ ಲೇಯರನ್ನ ಇಬ್ಬರು ಒಟ್ಟಿಗೆ ಎಡಿಟ್ ಮಾಡಕ್ಕೆ ಹೋದ್ರಂತೂ ಒಬ್ಬರ ಕೆಲಸ ಹೋಯ್ತು ಅಂತಾನೇ ಲೆಕ್ಕ.

ದುಡ್ಡು ಕೊಡದೆ ಸಿಗೋದ್ರಲ್ಲಿ ಮುಖ್ಯವಾದವು ಮೂರು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್, ಪೋಸ್ಟ್‌ಗ್ರೆಸ್ ಜೊತೆ ಅದಕ್ಕೆ ಮ್ಯಾಪ್ ಡೇಟಾ ಸೌಲಭ್ಯ ಕೊಡೋ ಪೋಸ್ಟ್‌ಜಿಐಎಸ್, ಆಮೇಲೆ ಎಸ್‌ಕ್ಯೂಲೈಟ್ ಮೇಲೆ ಕಟ್ಟಿರೋ ಜಿಯೋಪ್ಯಾಕೇಜ್. ಒಬ್ಬರೇ ಕೆಲಸ ಮಾಡೋದಾದ್ರೆ ಜಿಯೋಪ್ಯಾಕೇಜೇ ಸಾಕು, ಒಂದೇ ಫೈಲು, ಇನ್‌ಸ್ಟಾಲ್ ಗೋಜೇ ಇಲ್ಲ. ಆದ್ರೆ ಅದಕ್ಕೆ ಒಂದು ಸಲಕ್ಕೆ ಒಬ್ಬರೇ ಬರೀಬಹುದು, ಇನ್ನೊಬ್ಬರು ಸೇವ್ ಒತ್ತಿದ್ರೆ ಡೇಟಾಬೇಸ್ ಲಾಕ್ ಆಗಿದೆ ಅನ್ನತ್ತೆ.

ಎಕ್ಸ್‌ಪ್ರೆಸ್ ಅಂದ ತಕ್ಷಣ ಎಲ್ಲರೂ ಸೈಜ್ ಲಿಮಿಟ್ ನೋಡಿ ಹೆದರ್ತಾರೆ. 2008 ಆರ್2 ಇಂದ 2022ರ ಆವೃತ್ತಿವರೆಗೂ ಒಂದು ಡೇಟಾಬೇಸಿಗೆ 10 ಜಿಬಿ, 2025ರದ್ದಕ್ಕೆ 50 ಜಿಬಿ. ಲಾಗ್ ಫೈಲ್ ಈ ಲೆಕ್ಕಕ್ಕೆ ಬರಲ್ಲ. ಈಗ ನೋಡಿ, ಒಂದು ಪಾಯಿಂಟ್ ಇಡಕ್ಕೆ ಅದು ತಗೊಳೋದು 22 ಬೈಟ್, ಅಂದ್ರೆ 10 ಲಕ್ಷ ಪಾಯಿಂಟಿಗೆ ಸುಮಾರು 22 ಎಂಬಿ, ಅದಕ್ಕೆ ಹೆಸರು, ವಿಳಾಸ, ಇಂಡೆಕ್ಸ್ ಎಲ್ಲಾ ಸೇರಿ ಹತ್ತು ಪಟ್ಟು ಆದ್ರೂ 10 ಜಿಬಿ ಇನ್ನೂ ಎಲ್ಲೋ ದೂರ ಇದೆ. ಜಾಗ ತಿನ್ನೋದು ರಾಸ್ಟರ್, ಸ್ಯಾಟಲೈಟ್ ಚಿತ್ರ ಅಂಥವು, ಅದನ್ನ ಜಿಯೋಟಿಫ್ ಫೈಲಾಗೇ ಹೊರಗೆ ಇಟ್ಕೊಳ್ಳಿ. ನಿಜವಾಗಿ ಬಿಗಿ ಅನ್ಸೋದು ಮೆಮೊರಿ, ಡೇಟಾ ಕ್ಯಾಶ್‌ಗೆ ಬರೀ 1,410 ಎಂಬಿ. ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ಲೈಸೆನ್ಸ್ ಮಿತಿನೇ ಇಲ್ಲ, ಹೊಸದಾಗಿ ಶುರು ಮಾಡೋರಿಗೆ ನಾನು ಅದನ್ನೇ ಹೇಳೋದು. ಆಫೀಸಲ್ಲಿ ಆಗ್ಲೇ ಮೈಕ್ರೋಸಾಫ್ಟ್ ವ್ಯವಸ್ಥೆ ಇದ್ರೆ ಎಕ್ಸ್‌ಪ್ರೆಸ್ ಧಾರಾಳವಾಗಿ ಸಾಕಾಗತ್ತೆ. ಬೇರೆ ಕಂಪ್ಯೂಟರಿಂದ ಕನೆಕ್ಟ್ ಆಗ್ಲಿಲ್ಲ ಅಂದ್ರೆ ಮೊದಲು ಕಾನ್ಫಿಗರೇಶನ್ ಮ್ಯಾನೇಜರಲ್ಲಿ ಟಿಸಿಪಿ ಐಪಿ ಆನ್ ಇದೆಯಾ ನೋಡಿ, ಸಾಮಾನ್ಯವಾಗಿ ಅದು ಆಫ್ ಆಗೇ ಬರೋದು.

ಈಗ ಮುಖ್ಯ ವಿಷಯ, ಎಸ್‌ಆರ್‌ಐಡಿ. ಕೋಆರ್ಡಿನೇಟ್ ಯಾವ ಪದ್ಧತೀದು ಅಂತ ಹೇಳೋ ನಂಬರ್ ಅದು, ಜಿಪಿಎಸ್ ಕೊಡೋ ಅಕ್ಷಾಂಶ ರೇಖಾಂಶಕ್ಕೆ 4326. ನಾನು ಒಂದ್ಸಲ ಪೋಸ್ಟ್‌ಜಿಐಎಸ್‌ನಲ್ಲಿ ಒಂದು ಪಾಯಿಂಟಿನ ಸುತ್ತ 500 ಮೀಟರಲ್ಲಿ ಏನೇನಿದೆ ಅಂತ ಕೇಳ್ದೆ, ಇಡೀ ಟೇಬಲ್ಲೇ ಬಂತು! ಕಾಲಂ ಇದ್ದಿದ್ದು 4326ರ ಜಿಯೋಮೆಟ್ರಿ, ಅದ್ರಲ್ಲಿ ಅಳತೆ ಡಿಗ್ರೀಲಿ ನಡೆಯೋದು, ಹಾಗಾಗಿ ನಾನು ಕೇಳಿದ್ದು 500 ಡಿಗ್ರಿ ಒಳಗಿರೋದನ್ನ, ಭೂಮಿ ಪೂರ್ತಿ ಸುತ್ತಿದ್ರೂ 360 ಡಿಗ್ರೀನೇ ಅಲ್ವಾ. ಭೂಮಿ ಗುಂಡಗಿದೆ ಅಂತ ಲೆಕ್ಕ ಹಾಕೋ ಜಿಯಾಗ್ರಫಿ ಟೈಪಿಗೆ ಕಾಲಂ ಬದಲಾಯಿಸಿದ್ಮೇಲೆ ಮೀಟರಲ್ಲಿ ಸರಿಯಾಗಿ ಬಂತು. ಇನ್ನೊಂದು, ಎಸ್‌ಟಿ ಸೆಟ್‌ಎಸ್‌ಆರ್‌ಐಡಿ ಅನ್ನೋ ಫಂಕ್ಷನ್ ಬರೀ ಆ ನಂಬರಿನ ಚೀಟಿ ಅಂಟಿಸತ್ತೆ, ಕೋಆರ್ಡಿನೇಟನ್ನ ಮುಟ್ಟಲ್ಲ, ಲೆಕ್ಕ ಹಾಕಿ ನಿಜವಾಗಿ ಬದಲಾಯಿಸೋದು ಎಸ್‌ಟಿ ಟ್ರಾನ್ಸ್‌ಫಾರ್ಮ್. ಇವೆರಡನ್ನ ಅದಲುಬದಲು ಮಾಡಿದ್ರೆ ಲೇಯರ್ ಸಮುದ್ರದಲ್ಲೆಲ್ಲೋ ಬಿದ್ದಿರತ್ತೆ.

ಎಸ್‌ಕ್ಯೂಎಲ್ ಸರ್ವರ್ ಬಳಸೋರು ಪಾಲಿಗನ್ ಸುತ್ತು ನೋಡ್ಕೋಬೇಕು. ಜಿಯಾಗ್ರಫಿ ಟೈಪಲ್ಲಿ ಹೊರಗಿನ ಗೆರೆ ಗಡಿಯಾರದ ಮುಳ್ಳಿಗೆ ಉಲ್ಟಾ ಹೋಗ್ಬೇಕು, ಅಂದ್ರೆ ಗೆರೆ ಮೇಲೆ ನಡ್ಕೊಂಡು ಹೋದ್ರೆ ಒಳಗಿನ ಜಾಗ ಎಡಗೈ ಕಡೆ ಇರ್ಬೇಕು, ಇಲ್ಲಾಂದ್ರೆ ಒಂದು ಸಣ್ಣ ಕೆರೆ ಹೋಗಿ ಕೆರೆ ಬಿಟ್ಟು ಉಳಿದ ಇಡೀ ಭೂಮಿ ಆಗ್ಬಿಡತ್ತೆ. 2012ರ ಆವೃತ್ತಿಯಿಂದ ರಿಓರಿಯಂಟ್‌ಆಬ್ಜೆಕ್ಟ್ ಅನ್ನೋ ಮೆಥಡ್ ಇದೆ, ಅದು ತಿರುಗಿಸಿ ಕೊಡತ್ತೆ.

ಇಂಡೆಕ್ಸ್, ಅಂದ್ರೆ ಬೇಗ ಹುಡುಕಕ್ಕೆ ಡೇಟಾಬೇಸ್ ಇಟ್ಕೊಳೋ ಸೂಚಿ, ಮರೀಬೇಡಿ. ಮ್ಯಾಪ್ ನೋಡೋ ಫ್ರೀ ಸಾಫ್ಟ್‌ವೇರ್ ಕ್ಯೂಜಿಐಎಸ್ ಪರದೇಲಿ ಕಾಣೋ ಚೌಕದೊಳಗೆ ಬರೋದನ್ನಷ್ಟೇ ಕೇಳತ್ತೆ, ಇಂಡೆಕ್ಸ್ ಇಲ್ದಿದ್ರೆ ಅಷ್ಟಕ್ಕೂ ಡೇಟಾಬೇಸ್ ಪ್ರತೀ ಸಾಲನ್ನ ತಡಕಾಡ್ಬೇಕು, ಜೂಮ್ ಮಾಡಿದಾಗೆಲ್ಲ ಕಾಯೋದೇ ಕೆಲಸ. ಪೋಸ್ಟ್‌ಜಿಐಎಸ್‌ನಲ್ಲಿ ಜಿಸ್ಟ್ ಅನ್ನೋ ಥರದ ಇಂಡೆಕ್ಸ್ ಹಾಕಿ, ಹುಡುಕುವಾಗ ಎಸ್‌ಟಿ ಡಿಸ್ಟೆನ್ಸ್ ಇಷ್ಟಕ್ಕಿಂತ ಕಮ್ಮಿ ಅಂತ ಬರೀಬೇಡಿ, ಅದು ಇಂಡೆಕ್ಸ್ ಬಳಸಲ್ಲ, ಬದಲಿಗೆ ಎಸ್‌ಟಿ ಡಿವಿದಿನ್ ಅಂತ ಬರೀರಿ, ಅದು ಇಂಡೆಕ್ಸ್ ಬಳಸತ್ತೆ. ಎಸ್‌ಕ್ಯೂಎಲ್ ಸರ್ವರಲ್ಲಿ ಪ್ರೈಮರಿ ಕೀ (ಪ್ರತೀ ಸಾಲನ್ನ ಬೇರೆ ಬೇರೆಯಾಗಿ ಗುರುತಿಸೋ ಕಾಲಂ) ಇಲ್ದೆ ಸ್ಪೇಶಿಯಲ್ ಇಂಡೆಕ್ಸ್ ಹಾಕಕ್ಕೇ ಬಿಡಲ್ಲ, ಜಿಯೋಮೆಟ್ರಿ ಟೈಪ್ ಆದ್ರೆ ಬೌಂಡಿಂಗ್ ಬಾಕ್ಸ್, ಅಂದ್ರೆ ಡೇಟಾ ಎಲ್ಲಿಂದ ಎಲ್ಲೀವರೆಗೆ ಅನ್ನೋ ಚೌಕ ಕೂಡ ನೀವೇ ಕೊಡ್ಬೇಕು.

ಬ್ಯಾಕಪ್ ಬಗ್ಗೆ ಒಂದೇ ಮಾತು: ಹೇಳಿದ ಹೊತ್ತಿಗೆ ತಾನಾಗೇ ಕೆಲಸ ನಡೆಸೋ ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ ಎಕ್ಸ್‌ಪ್ರೆಸ್ ಜೊತೆ ಸಿಗಲ್ಲ, ವಿಂಡೋಸ್ ಟಾಸ್ಕ್ ಶೆಡ್ಯೂಲರಲ್ಲಿ ದಿನಾ ರಾತ್ರಿಗೆ ಒಂದು ಬ್ಯಾಕಪ್ ಸ್ಕ್ರಿಪ್ಟ್ ಹಾಕಿಡಿ.