ಹೆಸರು ಮುಚ್ಚಿದರೆ ಪೂರ್ವಗ್ರಹ ಹೋಗುತ್ತದೆಯೇ?

2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ನಗರಗಳ ಉದ್ಯೋಗದಾತರಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕಾಲ್ಪನಿಕ ಅರ್ಜಿಗಳನ್ನು ಕಳಿಸಿದರು. ವೇಟರ್, ಡೇಟಾ ಎಂಟ್ರಿ, ಸೇಲ್ಸ್ ಥರದ ಕೆಲಸಗಳು. ಓದು, ಅನುಭವ ಎಲ್ಲ ಹೆಚ್ಚುಕಡಿಮೆ ಒಂದೇ, ಹೆಸರು ಮಾತ್ರ ಬೇರೆ. ಬ್ರಿಟಿಷ್ ಮೂಲದ ಹೆಸರಿದ್ದ ಅರ್ಜಿಗಳಲ್ಲಿ ಶೇ 35ಕ್ಕೆ ಕರೆ ಬಂತು. ಮೂಲನಿವಾಸಿ ಹೆಸರಿದ್ದವಕ್ಕೆ ಶೇ 26.

ಹಾಗಾದರೆ ಹೆಸರನ್ನೇ ಮುಚ್ಚಿದರಾಯಿತು, ಅಲ್ವಾ? ನಮ್ಮ ಪಿಯುಸಿ ಉತ್ತರ ಪತ್ರಿಕೆ ತಿದ್ದುವವರಿಗೆ ವಿದ್ಯಾರ್ಥಿಯ ಹೆಸರು ಕಾಣುವುದಿಲ್ಲವಲ್ಲ, ಹಾಗೆ. ಅಲ್ಲಿನ ಕೇಂದ್ರ ಸರ್ಕಾರ ಇದನ್ನು 2017ರಲ್ಲಿ ಪರೀಕ್ಷಿಸಿಯೇ ನೋಡಿತು. 14 ಇಲಾಖೆ, ಸಂಸ್ಥೆಗಳ ಎರಡು ಸಾವಿರಕ್ಕೂ ಹೆಚ್ಚು ನೌಕರರಿಗೆ ಕಾಲ್ಪನಿಕ ಅರ್ಜಿಗಳನ್ನು ಕೊಟ್ಟು, ಸಂದರ್ಶನಕ್ಕೆ ಆರಿಸಲು ಹೇಳಿದರು. ಕೆಲವರಿಗೆ ಹೆಸರು ಕಾಣುತ್ತಿತ್ತು, ಕೆಲವರಿಗೆ ಇಲ್ಲ.

ಫಲಿತಾಂಶ ತಲೆಕೆಳಗಾಗಿತ್ತು. ಗುರುತು ಗೊತ್ತಾದಾಗ ಮೂಲನಿವಾಸಿ ಮಹಿಳೆಯರನ್ನು ಆರಿಸುವ ಸಾಧ್ಯತೆ ಶೇ 22ರಷ್ಟು ಹೆಚ್ಚಿತು. ಅಂದರೆ ಹೆಸರು ಮುಚ್ಚಿದ್ದರೆ ಅವರಿಗೇ ನಷ್ಟ! ಮೂಲನಿವಾಸಿಗಳ ನೇಮಕಾತಿಗೆ ಗುರಿ ಇಟ್ಟಿರುವ ಸರ್ಕಾರದ ನೌಕರರು ಬೇಕೆಂದೇ ಕೈ ಹಿಡಿದಿರಬಹುದು. ಇದು ನಿಜವಾದ ನೇಮಕಾತಿ ಅಲ್ಲ, ಕಾಲ್ಪನಿಕ ಕಸರತ್ತು ಅನ್ನುವುದನ್ನೂ ಮರೆಯಬಾರದು.

ಹಾಗಂತ ಪೂರ್ವಗ್ರಹ ಇಲ್ಲವೇ? ಮನಸ್ಸಿನ ಒಳಗಿನ ಒಲವನ್ನು ಅಳೆಯುವ ಒಂದು ಪರೀಕ್ಷೆ 1998ರಿಂದ ಇದೆ. ಪರದೆಯ ಮೇಲೆ ಕಾಣುವ ಬೇರೆ ಬೇರೆ ಜನಾಂಗದವರ ಮುಖಗಳನ್ನೂ 'ಒಳ್ಳೆಯ', 'ಕೆಟ್ಟ' ಪದಗಳನ್ನೂ ಜೋಡಿಸಲು ಎಷ್ಟು ಮಿಲಿಸೆಕೆಂಡು ಬೇಕು ಎಂದು ಅದು ನೋಡುತ್ತದೆ. ಈ ಪರೀಕ್ಷೆ ತೆಗೆದುಕೊಂಡ ಸುಮಾರು 11,000 ಆಸ್ಟ್ರೇಲಿಯನ್ನರ ಉತ್ತರಗಳನ್ನು 2020ರಲ್ಲಿ ವಿಶ್ಲೇಷಿಸಿದಾಗ, ನಾಲ್ವರಲ್ಲಿ ಮೂವರು ಮೂಲನಿವಾಸಿಗಳ ವಿರುದ್ಧ ವಾಲಿದ್ದರು. ಆದರೆ ಇವರೆಲ್ಲ ತಾವಾಗಿಯೇ ಬಂದು ಪರೀಕ್ಷೆ ತೆಗೆದುಕೊಂಡವರು. ಮೇಲಾಗಿ ಅದೇ ವ್ಯಕ್ತಿ ಇನ್ನೊಂದು ದಿನ ಪರೀಕ್ಷೆ ಬರೆದರೆ ಅಂಕ ಸಾಕಷ್ಟು ಬದಲಾಗುತ್ತದೆ. ಇಡೀ ಗುಂಪಿನ ಒಲವು ತಿಳಿಯಲು ಸರಿ, ಒಬ್ಬ ಅಧಿಕಾರಿಯ ಮೇಲೆ ತೀರ್ಪು ಕೊಡಲು ಅಲ್ಲ. ಪೂರ್ವಗ್ರಹ ಕಳೆಯಲೆಂದು ಕಚೇರಿಗಳಲ್ಲಿ ಕೊಡುವ ಅರ್ಧ ದಿನದ ತರಬೇತಿಯಿಂದ ಈ ಒಲವು ಹೋಗುತ್ತದೆ ಅನ್ನುವುದನ್ನಂತೂ ನಾನು ನಂಬುವುದಿಲ್ಲ. ಅಂಕ ಸ್ವಲ್ಪ ಬದಲಾದರೂ ನಡವಳಿಕೆ ಅದರ ಹಿಂದೆ ಬರುವುದಿಲ್ಲ ಎಂದು ನೂರಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2019ರ ವಿಶ್ಲೇಷಣೆ ತೋರಿಸಿತು. 2020ರ ಕೊನೆಗೆ ಬ್ರಿಟನ್ ಸರ್ಕಾರ ತನ್ನ ನೌಕರರಿಗೆ ಇಂಥ ತರಬೇತಿಯನ್ನು ಕೈಬಿಡುವುದಾಗಿ ಹೇಳಿತು.

ನನಗೆ ಕಾಣುವಂತೆ ತೊಡಕಿರುವುದು ಅರ್ಜಿಯ ನಂತರ. ಆಸ್ಟ್ರೇಲಿಯಾದ ಕೇಂದ್ರ ಸೇವೆಯಲ್ಲಿ ಮೂಲನಿವಾಸಿ ನೌಕರರು ಕೆಳಗಿನ ದರ್ಜೆಗಳಲ್ಲೇ ಜಾಸ್ತಿ. ಕೆಲಸ ಬಿಟ್ಟು ಹೋಗುವುದೂ ಉಳಿದವರಿಗಿಂತ ಹೆಚ್ಚು. ಸಂದರ್ಶನವನ್ನೇ ನೋಡಿ. 'ಇದನ್ನು ನಾನು ಮಾಡಿದೆ, ನನ್ನಿಂದ ಆಯಿತು' ಎಂದು ಹೇಳಿಕೊಂಡವರಿಗೆ ಅಲ್ಲಿ ಅಂಕ. ತನ್ನನ್ನು ತಾನೇ ಹೊಗಳಿಕೊಳ್ಳುವುದು ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ಒಳ್ಳೆಯ ನಡತೆಯಲ್ಲ. 'ನಾವು ಮಾಡಿದೆವು' ಅನ್ನುವ ಅಭ್ಯರ್ಥಿಯ ಬಗ್ಗೆ ಸಮಿತಿಯವರು 'ಆತ್ಮವಿಶ್ವಾಸ ಕಮ್ಮಿ' ಎಂದು ಬರೆದುಬಿಡಬಹುದು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟುಕೊಂಡರೆ ಸಮಿತಿಯವರ ಮರ್ಜಿಗೆ ಜಾಗ ಕಮ್ಮಿಯಾಗುತ್ತದೆ. ಆದರೆ ಆ ಅಂಕಪಟ್ಟಿಯಲ್ಲಿ 'ನಾವು' ಎಂದವರಿಗೂ ಅಂಕ ಇರಬೇಕು. ಅದಕ್ಕೆ ಪಟ್ಟಿ ಬರೆಯುವಾಗಲೇ ಆ ಸಮುದಾಯದವರೊಬ್ಬರು ಜೊತೆಗಿರಬೇಕಾಗುತ್ತದೆ.